ನಿಂತು ಉಂಡವರು

ಹೊರಗಿನವರನ್ನು ಜಗಲಿಯಲ್ಲೇ ಕೂರಿಸುತ್ತಾರೆ ಅಂತ ನಮ್ಮೂರಿಗೆ ಒಂದು ಕೆಟ್ಟ ಹೆಸರಿದೆ. ಇರಲಿ ಬಿಡಿ. ಆ ಹೆಸರನ್ನು ತಲೆ ಮೇಲೆ ಹೊತ್ತುಕೊಂಡು ಊಟದ ಮನೆಯ ಬಾಗಿಲಲ್ಲಿ ಹದಿನಾಲ್ಕು ವರ್ಷ ನಿಂತವಳು ನಾನು. ಮಂದಾಕಿನಿ ಅಂತ ಹೆಸರು, ಊರಿಗೆಲ್ಲ ಮಂದಕ್ಕ. ಯಾರು ಎಲ್ಲಿ ಕೂರಬೇಕು ಅನ್ನೋದನ್ನ ನೋಡಿಕೊಳ್ಳುವುದೇ ನನ್ನ ಕೆಲಸ. ಬಸ್ಸಿಳಿದು ಹಸಿದುಕೊಂಡು ಬಂದವರನ್ನು ತಡೆದು, "ನಿಮಗೆ ಇಲ್ಲೇ ಜಗಲಿ ಮೇಲೆ ಎಲೆ ಹಾಕ್ತೀನಿ" ಅಂದರೆ ಕೆಲವರು ಸುಮ್ಮನೆ ಕೂರುತ್ತಾರೆ, ಕೆಲವರು ಕಿಡಿಕಿಡಿಯಾಗುತ್ತಾರೆ. ಒಬ್ಬರು ಮೇಷ್ಟರಂತೂ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು, "ಈ ಕಾಲದಲ್ಲೂ ಪಂಕ್ತಿಭೇದವೇನಮ್ಮಾ? ನಾಚಿಕೆ ಆಗಲ್ವಾ ನಿಮಗೆ?" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿ ಹೊರಟೇಹೋದರು. ನಾನೇನು ಹೇಳಲಿ? ಒಳಗೆ ಜಾತಿ ಕೇಳುವವರು ಯಾರೂ ಇಲ್ಲ. ಜೋಯಿಸರ ಪಕ್ಕಕ್ಕೆ ಕಮ್ಮಾರ, ಕಮ್ಮಾರನ ಪಕ್ಕಕ್ಕೆ ಅಗಸರ ಮುದುಕಿ, ಎಲ್ಲರಿಗೂ ಒಂದೇ ಸೌಟು. ಒಳಗಿರುವುದು ಮಣೆಗಳು, ಅಷ್ಟೇ.

ನಮ್ಮೂರಲ್ಲಿ ಮಧ್ಯಾಹ್ನ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ಊರಿಗೆಲ್ಲ ಒಂದೇ ಊಟದ ಮನೆ. ಮಗುವಿಗೆ ಮೊದಲ ಅನ್ನ ತಿನ್ನಿಸುವ ದಿನ ಬಡಗಿ ಒಂದು ಮಣೆ ಮಾಡಿ, ಅಂಚಿನಲ್ಲಿ ಹೆಸರು ಕೆತ್ತಿ ತಂದುಕೊಡುತ್ತಾನೆ. ಅದು ಆ ಮನೆಯವರ ಸಾಲಿಗೆ ಸೇರುತ್ತದೆ. ಸತ್ತಾಗ ಮಣೆಯನ್ನೂ ಜೊತೆಗೇ ಸುಡುತ್ತೇವೆ. ನಡುವೆ ಬೇರೆ ಯಾರಾದರೂ ಆ ಮಣೆಯ ಮೇಲೆ ಕೂತು ಮಜ್ಜಿಗೆ ಅನ್ನದ ತನಕ ಉಂಡು ಎದ್ದರೆ, ಆಮೇಲೆ ಅವರೇ ಆ ಹೆಸರಿನವರು. ಊರು ಅವರನ್ನು ಹಾಗೇ ಕರೆಯುತ್ತದೆ. ಮನೆಯ ನಾಯಿ ಬಾಲ ಆಡಿಸುತ್ತದೆ. ಹೆಂಡತಿ, "ಯಾಕ್ರೀ ಇಷ್ಟು ಹೊತ್ತು?" ಅನ್ನುತ್ತಾಳೆ. ಮೊದಲಿದ್ದವರು ಬಾಗಿಲಲ್ಲಿ ನಿಂತು ಅಳುತ್ತಾರೆ. ಅಂಥವರನ್ನು ನಾವು ಎದ್ದವರು ಅನ್ನುತ್ತೇವೆ. ಊರಿನವರೇ ಆದರೂ ಜಗಲಿಯ ಎಲೆಯಲ್ಲಿ ಕೂತು ಮಜ್ಜಿಗೆ ಅನ್ನ ಉಂಡರೆ ಅವರೂ ಎದ್ದವರೇ. ಎದ್ದವರನ್ನು ಬೈಯಬಾರದು, ಸುಳ್ಳುಗಾರರು ಅನ್ನಬಾರದು, ಹೊಟ್ಟೆ ತುಂಬ ಬಡಿಸಿ ಬುತ್ತಿ ಕಟ್ಟಿಕೊಟ್ಟು ಕಳಿಸಬೇಕು. ಇದು ನಮ್ಮ ಪದ್ಧತಿ.

ಇದಕ್ಕೆಲ್ಲ ನಾವು ಹೊಂದಿಕೊಂಡುಬಿಟ್ಟಿದ್ದೇವೆ. ಗಂಡ ಕೈ ತೊಳೆಯಲು ಎದ್ದರೆ ಹೆಂಡತಿ ಅವನ ಮಣೆಯ ಮೇಲೆ ಒಂದು ಕಾಲು ಚಾಚಿ ಇಟ್ಟಿರುತ್ತಾಳೆ. ಅಣ್ಣತಮ್ಮಂದಿರು ಜಗಳಕ್ಕೆ ಬಿದ್ದರೆ, "ನಿನ್ನ ಮಣೆ ಮೇಲೆ ಕೂತು ಉಂಡ್ಬಿಡ್ತೀನಿ, ಹುಷಾರ್!" ಅನ್ನುವುದೇ ದೊಡ್ಡ ಬೆದರಿಕೆ. ಅಂಚೆಯ ಈರಣ್ಣ ಇದ್ದಾನಲ್ಲ, ಇವನು ಮೂರನೆಯ ಈರಣ್ಣ ಅಂತ ತಿಪ್ಪಜ್ಜಿ ಹೇಳುತ್ತಿದ್ದಳು. ಮೊದಲಿನ ಇಬ್ಬರು ಹೇಗಿದ್ದರೋ ನಮಗಂತೂ ಗೊತ್ತಿಲ್ಲ. ಕೂತು ಉಂಡವರಿಗೆ ಎದ್ದವರ ನೆನಪು ಉಳಿಯುವುದಿಲ್ಲ. ಆ ಹೊತ್ತಿಗೆ ನಿಂತಿದ್ದವರಿಗೆ ಮಾತ್ರ ಉಳಿಯುತ್ತದೆ, ಅದೂ ಅವರು ತಮ್ಮ ಊಟಕ್ಕೆ ಕೂರುವ ತನಕ. ನಾನು ಎಲ್ಲರದೂ ಆದ ಮೇಲೆ ಕೂತು ಉಣ್ಣುವವಳು. ಅಂದರೆ ದಿನಾ ಮರೆಯುವವಳು.

ಈ ತಿಪ್ಪಜ್ಜಿ ನನಗಿಂತ ಮುಂಚೆ ನಲವತ್ತು ವರ್ಷ ಬಾಗಿಲಲ್ಲಿ ನಿಂತವಳು, ನನಗೆ ಕೆಲಸ ಕಲಿಸಿದವಳು. "ಹೊರಗಿನವರ ಮುಖ ನೋಡಬೇಡ ಕಣೆ, ಮುಖ ನೋಡಿದ್ರೆ ಕರುಣೆ ಬಂದುಬಿಡುತ್ತೆ. ಕಾಲು ನೋಡು. ಒಳಗೆ ಮಣೆ ಇರೋರ ಕಾಲು ಹೊಸ್ತಿಲು ದಾಟೋ ಮುಂಚೇನೇ ಅವರ ಸಾಲಿನ ಕಡೆ ತಿರುಗಿರುತ್ತೆ" ಅನ್ನುತ್ತಿದ್ದಳು. ಬದುಕಿನ ಕೊನೆಯ ಒಂದೂವರೆ ವರ್ಷ ಅವಳು ಊಟಕ್ಕೆ ಕೂರಲೇ ಇಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ತಟ್ಟೆ ಹಿಡಿದು ನಿಂತೇ ಉಣ್ಣುತ್ತಿದ್ದಳು. ಮುದುಕಿಗೆ ಮಂಡಿ ಬಗ್ಗುವುದಿಲ್ಲ ಅಂದುಕೊಂಡು ನಾವು ಸುಮ್ಮನಿದ್ದೆವು. ಸಾಯುವ ಎರಡು ದಿನ ಮುಂಚೆ ನನ್ನ ಕೈ ಹಿಡಿದುಕೊಂಡು, "ಮೊಳೆಗೆ ಒಂದು ಸಣ್ಣ ಮಣೆ ತೂಗುಹಾಕಿದೀನಲ್ಲ, ಅದನ್ನ ಸುಡಬೇಡ. ಒಬ್ಬ ಬರ್ತಾನೆ, ನಿಂತೇ ಇರ್ತಾನೆ. ಅವನನ್ನ ಕೂರಿಸೋಕೆ ಒತ್ತಾಯ ಮಾಡಬೇಡ" ಅಂದಳು. ಜ್ವರದ ಬಡಬಡಿಕೆ ಅಂದುಕೊಂಡೆ.

ನಮ್ಮ ಮನೆಯವರ ವಿಷಯ ಹೇಳಬೇಕು. ಹೆಸರು ಪದ್ಮರಾಜ. ಊಟದ ಮನೆಯಲ್ಲೇ ತರಕಾರಿ ಹೆಚ್ಚುವ ಕೆಲಸ. ಈಳಿಗೆಮಣೆ ಮುಟ್ಟುವುದಿಲ್ಲ, ಉದ್ದನೆಯ ಚಾಕುವೇ ಆಗಬೇಕು. ಅವರು ಹೆಚ್ಚಿದ ಸೌತೆಕಾಯಿಯ ಬಿಲ್ಲೆ ಎತ್ತಿ ಹಿಡಿದರೆ ಆಚೆಯ ಕಿಟಕಿ ಕಾಣುತ್ತದೆ. ಉಣ್ಣುವ ಮುಂಚೆ ಕೈ ಮುಗಿದು ಬಾಯೊಳಗೇ ಏನೋ ಒಂದು ಮಾತು ಹೇಳಿಕೊಳ್ಳುತ್ತಾರೆ. ದಾರಿಯಲ್ಲಿ ಯಾರೇ ಸಿಗಲಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತಾರೆ. ನಿದ್ದೆಯಲ್ಲಿ ಮಾತಾಡುತ್ತಾರೆ, ಅದರಲ್ಲಿ ಒಂದಕ್ಷರ ನನಗೆ ಅರ್ಥವಾಗುವುದಿಲ್ಲ. ಪಕ್ಕದೂರಿನವರು ಇವರನ್ನು ತಿರುಗಿ ತಿರುಗಿ ಯಾಕೆ ನೋಡುತ್ತಾರೆ ಅನ್ನುವುದೂ ನನಗೆ ಹೊಳೆಯುತ್ತಿರಲಿಲ್ಲ. ಮದುವೆಯಾಗಿ ಹತ್ತು ವರ್ಷದಿಂದ ಹೀಗೇ ಇದ್ದಾರೆ ಅಂತಲೇ ನನ್ನ ತಲೆಯಲ್ಲಿ ಇತ್ತು. ಒಳ್ಳೆಯ ಮನುಷ್ಯ. ಒಂದು ದಿನವೂ ಏರಿದ ದನಿಯಲ್ಲಿ ಮಾತಾಡಿದವರಲ್ಲ. ನಮಗೆ ಮಕ್ಕಳಿರಲಿಲ್ಲ.

ಮೂರು ತಿಂಗಳ ಹಿಂದೆ, ಒಂದು ಗುರುವಾರ, ಇನ್ನೂ ಊಟದ ಗಂಟೆ ಹೊಡೆದಿರಲಿಲ್ಲ. ಒಬ್ಬ ಮನುಷ್ಯ ಏಳು ವರ್ಷದ ಒಂದು ಹುಡುಗಿಯ ಕೈ ಹಿಡಿದುಕೊಂಡು ಜಗಲಿ ಹತ್ತಿದ. ಬಣ್ಣ ಹೋದ ಅಂಗಿ, ಧೂಳು ಮೆತ್ತಿದ ಕಾಲು. ಅಭ್ಯಾಸದಂತೆ ಕಾಲು ನೋಡಿದೆ. ಹೊಸ್ತಿಲ ಈಚೆಗೇ ಅವನ ಎರಡು ಪಾದಗಳೂ ಎಡಕ್ಕೆ, ಮೂರನೆಯ ಸಾಲಿನ ಕಡೆ ತಿರುಗಿದ್ದವು. ಮೂರನೆಯ ಸಾಲು ನಮ್ಮದು.

"ಬನ್ನಿ, ಇಲ್ಲಿ ಕೂತ್ಕೊಳ್ಳಿ, ಎಲೆ ಹಾಕ್ತೀನಿ. ದೂರದಿಂದ ಬಂದ ಹಾಗಿದೆ" ಅಂದೆ.

ಆತ ಬೇಸರವಿಲ್ಲದೆ ನಕ್ಕ. "ಪ್ರತಿ ಸಲಾನೂ ಇದನ್ನೇ ಹೇಳ್ತೀರಿ. ಇದು ಹನ್ನೊಂದನೇ ಸಲ."

"ನಿಮ್ಮನ್ನ ನಾನು ನೋಡೇ ಇಲ್ಲವಲ್ಲ."

"ನೋಡಿದ್ದೀರಿ. ಆಮೇಲೆ ಕೂತು ಊಟ ಮಾಡಿದ್ದೀರಿ."

ಹುಡುಗಿಯನ್ನು ಕಂಬದ ಹತ್ತಿರ ಆಡಿಕೋ ಅಂತ ಕಳಿಸಿ ಆತ ನಿಂತೇ ಇದ್ದ. ಚಾಪೆ ತೋರಿಸಿದೆ, ಕೂರಲಿಲ್ಲ. ಎರಡು ವರ್ಷದಿಂದ ಊಟಕ್ಕೆ ಕೂತಿಲ್ಲ, ತನ್ನನ್ನು ಮರೆಯದಿರಲಿ ಅಂತ ಮಗಳಿಗೂ ನಿಲ್ಲಿಸಿಯೇ ಉಣ್ಣಿಸುತ್ತೇನೆ ಅಂದ. ಆಮೇಲೆ ಮೆಲ್ಲಗೆ, ಪಾಠ ಒಪ್ಪಿಸಿದ ಹಾಗೆ, ಹೇಳುತ್ತ ಹೋದ. ಹತ್ತು ಸಲ ಹೇಳಿ ಅಭ್ಯಾಸವಾಗಿತ್ತೇನೋ ಪಾಪ.

ಎರಡು ವರ್ಷದ ಹಿಂದೆ ಹೊಸಕ್ಕಿ ಊಟದ ದಿನ. ವರ್ಷದಲ್ಲಿ ಅದೊಂದು ದಿನ ಬಾಗಿಲಿನವಳು ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಾಳೆ. ಹಾಗಾಗಿ ನಾನು ಒಳಗೆ ಕೂತಿದ್ದೆ, ತಿಪ್ಪಜ್ಜಿ ಬಾಗಿಲಲ್ಲಿದ್ದಳು. ಜಗಲಿಯಲ್ಲಿ ಜಪಾನಿನವನೊಬ್ಬ ಕೂತಿದ್ದನಂತೆ. ಈ ಮನುಷ್ಯ ಮಗಳನ್ನು ಎತ್ತಿಕೊಂಡು ತಡವಾಗಿ ಬಂದಾಗ ಇಬ್ಬರಿಗೂ ಹರುಕುಮುರುಕು ಇಂಗ್ಲಿಷಿನಲ್ಲಿ ಒಂದಿಷ್ಟು ಮಾತಾಯಿತಂತೆ. "ನಮ್ಮಪ್ಪಂದೂ ಒಂದು ಸಣ್ಣ ಹೋಟೆಲ್ ಇದೆ" ಅಂದನಂತೆ ಅವನು. "ಅಡುಗೆಯವರ ಎದುರಿಗೆ ಎಂಟೇ ಎಂಟು ಸ್ಟೂಲು. ಅದು ಗುರುತಿನವರಿಗೆ. ಬೇರೆ ದೇಶದವರು ಬಂದರೆ ನಾನು ಮೆಟ್ಟಿಲ ಪಕ್ಕದ ಮೇಜಿಗೆ ಕರ್ಕೊಂಡು ಹೋಗ್ತಿದ್ದೆ. ತಾತ್ಸಾರಕ್ಕಲ್ಲ, ಹೆದರಿಕೆಗೆ. ಅವರೇನಾದರೂ ಕೇಳಿದರೆ ನನಗೆ ಉತ್ತರ ಹೇಳೋಕೆ ಬರಲ್ಲ, ಸ್ಟೂಲಿನ ಮೇಲಿದ್ದವರು ಮಾತು ನಿಲ್ಲಿಸಿಬಿಡ್ತಾರೆ. ಒಂದು ಸಲ ಎಂಟೂ ಖಾಲಿ ಇದ್ದವು. ಒಬ್ಬಳು ಹೆಂಗಸು, ಅಲ್ಲಿ ಯಾಕೆ ಕೂರಬಾರದು ಅಂತ ಕೇಳಿದಳು. ನಾನು ತಲೆ ತಗ್ಗಿಸಿ ಮತ್ತೆ ಮೆಟ್ಟಿಲ ಕಡೆಗೇ ಕೈ ತೋರಿಸಿದೆ. ಈಗ ನೋಡಿ, ನಿಮ್ಮೂರಲ್ಲಿ ನಾನೇ ಮೆಟ್ಟಿಲ ಪಕ್ಕ ಕೂತಿದ್ದೀನಿ."

ಇದನ್ನೆಲ್ಲ ಈತ ತಿಪ್ಪಜ್ಜಿಗೆ ಕನ್ನಡದಲ್ಲಿ ಹೇಳಿ ನಕ್ಕನಂತೆ. ಅವಳು ನಗಲಿಲ್ಲ. ಆ ಹೊರಗಿನವನ ಮುಖ ನೋಡಿಬಿಟ್ಟಳು. "ಅಷ್ಟು ದೂರದಿಂದ ಬಂದಿದ್ದಾನೆ, ಒಂದೆರಡು ತುತ್ತು ಒಳಗೆ ಉಣ್ಣಲಿ, ಮಜ್ಜಿಗೆಗೆ ಮುಂಚೆ ಎಬ್ಬಿಸ್ತೀನಿ. ಅಲ್ಲೀ ತನಕ ನಿನ್ನ ಮಣೆ ಕೊಡಪ್ಪಾ" ಅಂದಳಂತೆ. ಈತನೂ ಆಗಲಿ ಅಂದ. ಮಗು ಹಸಿವು ಅಂತ ಅಳುತ್ತಿತ್ತು. ಅದು ಹುಳಿ ಸಾರು ಮುಟ್ಟದ ಮಗು. ಜಗಲಿಯಲ್ಲಿ ಎಲೆಯ ತುಂಡು ಹಾಕಿ, ಕೂರಿಸಿ, ಈತನೇ ನಿಂತು ಬಗ್ಗಿ ನಾಲ್ಕು ತುತ್ತು ತಿನ್ನಿಸಿದ. ಏನು ತಿನ್ನಿಸಿದ ಅಂತೀರಿ? ಮಜ್ಜಿಗೆ ಅನ್ನ. ಅಪ್ಪನಿಗೂ ಹೊಳೆಯಲಿಲ್ಲ, ನಲವತ್ತು ವರ್ಷ ನಿಂತ ಅಜ್ಜಿಗೂ ಹೊಳೆಯಲಿಲ್ಲ. ಒಳಗೆ ಪಾಯಸ ಎರಡನೆಯ ಸುತ್ತು ಬಂತು, ಗದ್ದಲ ಹೆಚ್ಚಾಯಿತು, ಅಜ್ಜಿ ಎಬ್ಬಿಸಲು ಹೋಗುವಷ್ಟರಲ್ಲಿ ಜಪಾನಿನವನು ಕೈ ತೊಳೆಯುತ್ತಿದ್ದ.

"ನೀವು ಅವರಿಗೆ ಎಲೆ ಅಡಿಕೆ ಮಡಿಸಿ ಕೊಡ್ತಿದ್ರಿ" ಅಂದ ಆತ. "ನನ್ನ ನೋಡಿ, ಯಾರು ಬೇಕಾಗಿತ್ತು ಅಂದ್ರಿ. ಇವಳ ಕಡೆ ತಿರುಗಿಯೂ ನೋಡಲಿಲ್ಲ. ಇವಳೂ ನಿಮ್ಮನ್ನ ನೋಡಲಿಲ್ಲ."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಹೇಳಲಿ? ಸತ್ತ ಮುದುಕಿಯ ಮೇಲೆ, ಈ ಮನುಷ್ಯನ ಮೇಲೆ, ನನ್ನ ಮೇಲೆ. ಈತ ನನ್ನ ಗಂಡನಾಗಿದ್ದವನಂತೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿ ಮೂರು ಮಾರು ದೂರದಲ್ಲಿ ಕಂಬ ಸುತ್ತುತ್ತಿದ್ದಾಳಂತೆ. ನನಗೆ ಒಳಗೆ ಒಂದು ಚೂರೂ ಅಲುಗಲಿಲ್ಲ. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿಲ್ಲ.

"ಈಗೇನು, ನಿಮ್ಮ ಮಣೆ ಬೇಕಾ?" ಅಂತ ಒರಟಾಗಿಯೇ ಕೇಳಿದೆ.

"ಹತ್ತು ಸಲ ಅದನ್ನೇ ಕೇಳಿದೆ. ನೀವು ಕೊಡಲಿಲ್ಲ, ಸರಿಯಾಗೇ ಮಾಡಿದ್ರಿ. ಕೊಟ್ಟಿದ್ರೆ ಆತ ಬೀದಿಗೆ ಬೀಳ್ತಿದ್ದ. ಈಗ ನನಗೇನೂ ಬೇಡ. ಇವಳ ಮಣೆ ಕೊಡಿ. ಅದರ ಮೇಲೆ ಯಾರೂ ಕೂತಿಲ್ಲ, ಮೊಳೆಗೆ ತೂಗುಹಾಕಿರೋದು ಕಾಣಿಸ್ತಿದೆ." ಆತ ದನಿ ತಗ್ಗಿಸಿದ. "ಸ್ಕೂಲಿಗೆ ಸೇರಿಸಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತು ಎದ್ದ ಮೇಲೆ ಟೀಚರಮ್ಮ ಇವಳನ್ನ, ಯಾರಮ್ಮಾ ನೀನು, ಹೊಸದಾಗಿ ಬಂದಿದ್ದೀಯಾ ಅಂತ ಕೇಳ್ತಾರೆ. ದಿನಾ ಕೇಳ್ತಾರೆ. ಎಲ್ಲೇ ಹೋದರೂ ಎದ್ದವರ ಪಾಡು ಇಷ್ಟೇ. ಇವಳೂ ದಿನಾ ಹೆಸರು ಹೇಳ್ತಿದ್ದಳು. ಹೋದ ವಾರದಿಂದ ಹೇಳೋದು ಬಿಟ್ಟಿದ್ದಾಳೆ. ಮೂಲೇಲಿ ಕೂತು ಎದ್ದು ಬರ್ತಾಳೆ."

ಒಳಗೆ ಹೋಗಿ ಮೊಳೆಯಿಂದ ಮಣೆ ಇಳಿಸಿದೆ. ಮಸಿ ಹಿಡಿದಿತ್ತು. ಸೆರಗಿನಿಂದ ಒರೆಸಿದರೆ ಅಂಚಿನಲ್ಲಿ ಚೆಲುವಿ ಅಂತ ಇತ್ತು. ಹೊರಗೆ ಬಂದು ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ನಿನ್ನ ಹೆಸರೇನು ಪುಟ್ಟೀ?" ಅಂದೆ.

ಅವಳು ಅಪ್ಪನ ಮುಖ ನೋಡಿದಳು. "ಚೆಲುವಿ" ಅಂದಳು. ಆಮೇಲೆ, "ನಾಳೆನೂ ಕೇಳ್ತೀರಾ?" ಅಂದಳು.

ಅಡುಗೆಮನೆಯಲ್ಲಿ ನಮ್ಮವರು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದರು. ಅವರಿಗೆ ಏನು ಹೇಳಲಿ? ಹೇಳಿದರೂ ಇನ್ನೊಂದು ಗಂಟೆಯಲ್ಲಿ ಕೂತು ಉಣ್ಣುವವರು. ಆದರೂ ಬಾಯಿ ಸುಮ್ಮನಿರಲಿಲ್ಲ. "ರೀ, ಹೊರಗಿನ ಮಗು ಒಂದು ಬಂದಿದೆ. ನೀವಾಗಿದ್ರೆ ಎಲ್ಲಿ ಕೂರಿಸ್ತಿದ್ರಿ?" ಅಂತ ಕೇಳಿದೆ.

"ಸ್ಟೂಲಿನ ಮೇಲೆ" ಅಂದರು ತಲೆಯೆತ್ತದೆ. "ಎಂಟೂ ಖಾಲಿ ಇದೆಯಲ್ಲ."

"ಯಾವ ಸ್ಟೂಲು?"

ಚಾಕು ನಿಂತಿತು. ಅವರು ತಲೆಯೆತ್ತಿ ನನ್ನನ್ನು ನೋಡಿದರು, ಗೋಡೆ ನೋಡಿದರು, ಕೈಯಲ್ಲಿದ್ದ ಸೌತೆಕಾಯಿ ನೋಡಿದರು. "ಏನೋ ಬಾಯಿಗೆ ಬಂತು ಕಣೆ. ನಮ್ಮೂರಲ್ಲಿ ಸ್ಟೂಲು ಎಲ್ಲಿದೆ?" ಅಂದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಯಾಕೆ ಅಂತ ಅವರಿಗೂ ತಿಳಿಯದೆ ಅಂಗಿಯ ತೋಳಿನಿಂದ ಒರೆಸಿಕೊಂಡರು. ಆಗ ನನಗೆ ಉಳಿದಿದ್ದ ಅನುಮಾನವೂ ಹೋಯಿತು.

ಮತ್ತೆ ಬಾಗಿಲಿಗೆ ಬಂದೆ. "ಒಳಗೆ ಕೂತು ಉಂಡಳು ಅಂದ್ರೆ ನೀವು ಯಾರು ಅಂತ ಅವಳಿಗೆ ಗೊತ್ತಿರಲ್ಲ" ಅಂದೆ.

"ಗೊತ್ತು" ಅಂದ.

"ಹುಟ್ಟಿದಾಗಿನಿಂದ ಅವರೇ ಅವಳಪ್ಪ ಆಗಿರ್ತಾರೆ. ಆಟ ಆಡಿಸಿದ್ದು, ಎತ್ತಿಕೊಂಡಿದ್ದು, ಎಲ್ಲ ಅವರದೇ ಆಗಿಬಿಡುತ್ತೆ."

"ಗೊತ್ತಮ್ಮಾ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದೆ. ಗಂಟೆ ಹೊಡೆಸಿ."

ಗಂಟೆ ಹೊಡೆಸಿದೆ. ಜನ ಬಂದು ತಮ್ಮ ತಮ್ಮ ಮಣೆಗಳ ಮೇಲೆ ಕೂತರು. ಮೂರನೆಯ ಸಾಲಿನಲ್ಲಿ ನಮ್ಮವರ ಎಡಕ್ಕೆ ಆ ಸಣ್ಣ ಮಣೆ ಹಾಕಿ ಹುಡುಗಿಯನ್ನು ಕೂರಿಸಿದೆ. ಸುತ್ತಲಿನವರು ಇದ್ಯಾವ ಮಗು ಅಂತ ಪಿಸುಗುಟ್ಟಿದರು, ಬಾಗಿಲಿನವಳು ಕೂರಿಸಿದ ಮೇಲೆ ಕೇಳುವ ಹಾಗಿಲ್ಲ. ಅವಳು ಬಾಗಿಲ ಕಡೆಗೇ ನೋಡುತ್ತಿದ್ದಳು. "ಅಪ್ಪಾ, ನೀನು ಬರಲ್ವಾ?" ಅಂದಳು. "ನೀನು ಉಣ್ಣು ಕಂದಾ, ನಾನು ಇಲ್ಲೇ ನಿಂತಿರ್ತೀನಿ" ಅಂದ ಆತ, ಹೊಸ್ತಿಲ ಆಚೆಯಿಂದ. ಪಲ್ಯ ಬಡಿಸಿದೆ, ತೊವ್ವೆ ಬಡಿಸಿದೆ. ಅವಳು ಬೆರಳ ತುದಿಯಲ್ಲಿ ಒಂದಿಷ್ಟು ಮುಟ್ಟಿ ಬಿಟ್ಟಳು. ಅನ್ನದ ಮೇಲೆ ಮಜ್ಜಿಗೆ ಹಾಕಿ ಅವಳ ಎಲೆಯ ಮುಂದೆಯೇ ನಿಂತೆ. ಇನ್ನೂ ಎಬ್ಬಿಸಬಹುದಿತ್ತು. ಬಾಗಿಲ ಕಡೆ ನೋಡಿದೆ. ಆತ ಚೌಕಟ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು ತಲೆ ಆಡಿಸಿದ, ಆಗಲಿ ಅನ್ನುವಂತೆ.

ಹುಡುಗಿ ಅದನ್ನು ಮಾತ್ರ ಆಸೆಯಿಂದ ಉಂಡಳು. ಕೊನೆಯ ತುತ್ತು ನುಂಗಿ ಅಂಗೈ ನೆಕ್ಕಿದಳು. ಆಮೇಲೆ ಪಕ್ಕಕ್ಕೆ ತಿರುಗಿ ನಮ್ಮವರ ತೊಡೆಗೆ ಒರಗಿ, "ಅಪ್ಪಾ, ನನ್ನ ಎಲೆ ಮಡಚು" ಅಂದಳು. ಅವರೂ ಆಗಷ್ಟೇ ಮಜ್ಜಿಗೆ ಮುಗಿಸಿದ್ದರು. ದಿನಾ ಮಾಡುವವರ ಹಾಗೆ ಅವಳ ಎಲೆ ಮಡಚಿ, "ಪಲ್ಯ ಹಾಗೇ ಬಿಟ್ಟಿದ್ದೀಯಲ್ಲೇ ಕಳ್ಳೀ" ಅಂತ ಗದರಿಸಿದರು. ಪಕ್ಕದ ಸಾಲಿನಿಂದ ಈರಣ್ಣನ ಹೆಂಡತಿ ನಿಂಗವ್ವ, "ಮಂದಕ್ಕಾ, ನಿನ್ನ ಮಗಳು ಯಾವತ್ತು ಹುಳಿ ಉಣ್ಣೋದು ಕಲಿಯೋದು?" ಅಂತ ನಕ್ಕಳು. ಹುಡುಗಿ ಓಡಿಬಂದು ನನ್ನ ಸೆರಗು ಹಿಡಿದಳು. ಹೊಸ್ತಿಲ ಆಚೆ ನೋಡಿದಳು.

"ಅಮ್ಮಾ, ಆ ಮಾಮ ಯಾಕೆ ಅಳ್ತಿದಾರೆ?" ಅಂದಳು.

ನಾನು ಅವಳನ್ನು ಕೈ ತೊಳೆದುಕೊ ಹೋಗು ಅಂತ ಕಳಿಸಿದೆ. ಆತ ಮುಖ ಒರೆಸಿಕೊಂಡು, "ನನಗೂ ಒಂದು ಎಲೆ ಹಾಕಿ" ಅಂದ.

ಜಗಲಿಯೆಲ್ಲ ಖಾಲಿ ಇತ್ತು. ಹದಿನಾಲ್ಕು ವರ್ಷದಲ್ಲಿ ಒಬ್ಬ ಹೊರಗಿನವನಿಗೆ ಜಾಗ ನೋಡಲು ನಾನು ಅಷ್ಟು ಹೊತ್ತು ತೆಗೆದುಕೊಂಡವಳಲ್ಲ. ಕಂಬದ ನೆರಳು ಬೇಡ ಅನ್ನಿಸಿತು, ಬೀದಿಗೆ ಮುಖವಾಗಿಯೂ ಬೇಡ ಅನ್ನಿಸಿತು. ಕಿಟಕಿಯ ಹತ್ತಿರ, ಒಳಗಿನ ಮೂರನೆಯ ಸಾಲು ಕಾಣುವ ಕಡೆ ನೆಲ ಒರೆಸಿ ಎಲೆ ಹಾಕಿದೆ. ಆತ ಕೂರುವ ಮುಂಚೆ ಮೊದಲನೆಯ ಸಲ ನನ್ನನ್ನು ಏಕವಚನದಲ್ಲಿ ಕರೆದ. "ಮಂದಾ, ಎಷ್ಟು ದಿನ ಆಗುತ್ತೋ ಅಷ್ಟು ದಿನ ನಿಂತಿರು. ಒಬ್ಬರಿಗಾದ್ರೂ ಗೊತ್ತಿರಲಿ. ಸಾಕಾದಾಗ ಕೂತುಬಿಡು, ನಾನೇನೂ ಅಂದ್ಕೊಳ್ಳಲ್ಲ." ಆಮೇಲೆ ಕೂತ. ಎರಡು ವರ್ಷದಿಂದ ಊಟಕ್ಕೆ ಬಗ್ಗದ ಮಂಡಿ ಲಟಕ್ಕೆಂದಿತು.

ಮೊದಲ ತುತ್ತುಗಳಿಗೆ ಕಣ್ಣೀರೂ ಸೇರಿತು. ಸಾರಿನ ಹೊತ್ತಿಗೆ ಕಣ್ಣು ಒಣಗಿತ್ತು. ಮಜ್ಜಿಗೆಗೆ ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡ. ಎದ್ದು ಕೈ ತೊಳೆದವನು ಕಿಟಕಿಯೊಳಗೆ ಒಂದು ಸಲ ಇಣುಕಿದ, ಯಾವುದೋ ಊರಿನ ಯಾವುದೋ ಮನೆಯನ್ನು ನೋಡಿದ ಹಾಗೆ. "ಹುಳಿ ಬಹಳ ಚೆನ್ನಾಗಿತ್ತಮ್ಮಾ. ಮುಂದಿನ ಬಸ್ಸು ಎಷ್ಟು ಹೊತ್ತಿಗೆ?" ಅಂದ. ಹೇಳಿದೆ. ಬುತ್ತಿ ಕೊಟ್ಟೆ. ಮೆಟ್ಟಿಲಿಳಿದು ಬೀದಿ ಸೇರಿದ ಮೇಲೆ ಶಿಳ್ಳೆ ಹಾಕಿಕೊಂಡು ಹೋದ. ಆ ಶಿಳ್ಳೆ ತಿರುವಿನ ತನಕ ಕೇಳಿಸಿತು.

ಅವತ್ತು ನಾನು ಕೂರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ನಿಂತೇ ಉಂಡೆ. ಮನೆಗೆ ಹೋದರೆ ಹಗ್ಗದ ಮೇಲೆ ಸಣ್ಣ ಲಂಗಗಳು ಒಣಗುತ್ತಿದ್ದವು. ಬೆಳಿಗ್ಗೆ ನಾನು ಒಗೆದು ಹಾಕಿದ್ದು ಎರಡು ಸೀರೆ, ಒಂದು ಪಂಚೆ. ಬಾಗಿಲ ಚೌಕಟ್ಟಿನಲ್ಲಿ ಮಗುವಿನ ಎತ್ತರ ಗುರುತು ಹಾಕಿದ ಗೆರೆಗಳಿದ್ದವು, ಒಂದೊಂದರ ಪಕ್ಕ ತಾರೀಖು, ನನ್ನದೇ ಕೈಬರಹ. ಆ ಹುಡುಗಿ ಗೂಡಿನಲ್ಲಿ ಬಾಚಣಿಗೆ ಎಲ್ಲಿದೆ ಅಂತ ನೋಡದೆ ಕೈ ಹಾಕಿ ತೆಗೆದುಕೊಂಡು ಬಂದು ನನ್ನ ಮುಂದೆ ಬೆನ್ನು ಮಾಡಿ ಕೂತಳು. ಅವಳ ಕೂದಲು ಹೇಗೆ ಬಾಚುತ್ತಿದ್ದೆನೋ ನನಗೆ ಗೊತ್ತಿರಲಿಲ್ಲ. ಎರಡು ಜಡೆ ಹಾಕಿದೆ. "ಒಂದೇ ಅಲ್ವಾ ಹಾಕೋದು?" ಅಂದಳು.

ಮೂರು ತಿಂಗಳಾಯಿತು. ಸುಳ್ಳು ಯಾಕೆ ಹೇಳಲಿ, ಅವಳ ಮೇಲೆ ಜೀವ ಇಟ್ಟುಕೊಂಡಿದ್ದೇನೆ. ಆದರೆ ನನಗೆ ಅವಳು ಮೂರು ತಿಂಗಳ ಮಗಳು, ಅವಳಿಗೆ ನಾನು ಏಳು ವರ್ಷದ ಅಮ್ಮ. "ನಾನು ಸಣ್ಣವಳಿದ್ದಾಗ ಬಾವಿಗೆ ಚೊಂಬು ಹಾಕಿದ್ದೆ ಅಲ್ವಾಮ್ಮ?" ಅಂದರೆ ಹೌದು ಅನ್ನುತ್ತೇನೆ. ನಮ್ಮವರು ಅವಳು ನಡೆಯಲು ಕಲಿತ ದಿನವನ್ನು ಕಣ್ಣರಳಿಸಿ ಹೇಳುವಾಗ, ಅದು ಬೇರೊಬ್ಬ ಮನುಷ್ಯನ ಕೈ ಹಿಡಿದು ಅಂತ ನನಗೊಬ್ಬಳಿಗೇ ಗೊತ್ತು. ಇಬ್ಬರೂ ಸುಖವಾಗಿದ್ದಾರೆ. ನಾನು ಮಾತ್ರ ಮೂರು ಹೊತ್ತೂ ನಿಂತು ಉಣ್ಣುತ್ತೇನೆ. ಮಂದಕ್ಕನಿಗೂ ಮಂಡಿ ಹಿಡಿಯಿತು ಅಂತ ಊರವರು ಆಡಿಕೊಳ್ಳುತ್ತಾರೆ. ಒಂದು ಸಲ ಕೂತು ಉಂಡರೆ ಸಾಕು, ಆ ಏಳು ವರ್ಷವೂ ನನ್ನದಾಗುತ್ತದೆ, ಹೆತ್ತ ನೋವಿನ ಸಮೇತ. ಆಮೇಲೆ ಆ ಮನುಷ್ಯ ಇದ್ದ ಅನ್ನುವುದು ಭೂಮಿಯ ಮೇಲೆ ಯಾರಿಗೂ ಗೊತ್ತಿರುವುದಿಲ್ಲ, ಅವನಿಗೂ.

ಮೊನ್ನೆ ಚೆಲುವಿಗೆ ಜ್ವರ ಬಂತು. ಮೈ ಕೆಂಡ. ತಣ್ಣೀರ ಬಟ್ಟೆ ಹಾಕುತ್ತ ಪಕ್ಕದಲ್ಲಿದ್ದೆ. "ಅಮ್ಮಾ, ಜ್ವರ ಬಂದಾಗ ಹೇಳ್ತೀಯಲ್ಲ, ಆ ಹಾಡು ಹೇಳು" ಅಂದಳು. ಗೊತ್ತಿದ್ದ ಒಂದು ಜೋಗುಳ ಹೇಳಿದೆ. "ಅದಲ್ಲ" ಅಂದಳು. ಇನ್ನೊಂದು ಹೇಳಿದೆ. "ಅದಲ್ಲಮ್ಮಾ." ನಮ್ಮವರನ್ನು ಮೂಲೆಗೆ ಕರೆದು ಯಾವ ಹಾಡು ಅಂತ ಕೇಳಿದೆ. "ನನಗೇನೇ ಗೊತ್ತು? ನೀನು ಅವಳ ಕಿವೀಲಿ ಬಾಯಿಟ್ಟು ಹೇಳ್ತಿದ್ದೆ" ಅಂದರು. ಮೂರನೆಯದು ಹೇಳಲು ಬಾಯಿ ತೆರೆದೆ. ಚೆಲುವಿ ಗೋಡೆಯ ಕಡೆ ಹೊರಳಿದಳು. "ಬೇಡ ಬಿಡು. ನೀನು ನಮ್ಮಮ್ಮನ ಥರ ಇಲ್ಲ" ಅಂದಳು.

ಇವತ್ತು ಜ್ವರ ಬಿಟ್ಟಿದೆ. ಊಟಕ್ಕೆ ಬರುತ್ತೇನೆ ಅಂತ ಹಟ ಮಾಡಿ ಬಂದಳು. ನಾನು ನಿಂಗವ್ವನನ್ನು ಕರೆದು, "ಇವತ್ತೊಂದು ದಿನ ಬಾಗಿಲಲ್ಲಿ ನಿಂತ್ಕೊಳ್ಳೇ, ನಾನು ಕೂರ್ತೀನಿ" ಅಂದೆ. ಮೂರನೆಯ ಸಾಲಿನಲ್ಲಿ ನನ್ನ ಮಣೆಯ ಧೂಳು ಒರೆಸಿಕೊಂಡು ಕೂತೆ. ಚೆಲುವಿ ನನ್ನ ಮೈಗೆ ಅಂಟಿಕೊಂಡು ಕೂತಳು. ಕೋಸಂಬರಿ ಬಂತು, ಹುಳಿ ಬಂತು, ಸಾರು ಬಂತು. ಒಂದೊಂದು ಬಡಿಸಿದಾಗಲೂ ಆ ಮನುಷ್ಯ ಹೇಳಿದ್ದನ್ನು ಮೊದಲಿನಿಂದ ಮನಸ್ಸಿನಲ್ಲಿ ಹೇಳಿಕೊಂಡೆ, ಇಲ್ಲಿ ಹೇಳಿದ ಹಾಗೇ. ಮಜ್ಜಿಗೆಯೂ ಬಂತು. ಕೊನೆಯ ತುತ್ತು ಕೈಯಲ್ಲಿದೆ. ಬಸ್ಸು ಹತ್ತಿ ಹೋದ ಆ ಮನುಷ್ಯನನ್ನು ಒಂದೇ ಒಂದು ಸಲ ಕರೆಯಬೇಕು ಅನ್ನಿಸಿತು. ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ ನಾನು. ಆದರೂ ತಡೆಯಲಾಗಲಿಲ್ಲ, ಮೆಲ್ಲಗೆ, "ಪದ್ಮರಾಜಾ" ಅಂದೆ.

"ಏನೇ?" ಅಂದರು, ಪಕ್ಕದಲ್ಲಿ ಕೂತಿದ್ದ ನಮ್ಮವರು.